ಗಾಜಿನಾಚೆಯ ಮೀನು ಕೊನೆಗೂ ಸಿಕ್ಕಿತು

ಮತ್ಸ್ಯಾಲಯದಲ್ಲಿ ಒಳ್ಳೆಯ ಚಿತ್ರ ಸಿಗುವುದಿಲ್ಲ, ಗಾಜಿನ ಮೇಲೆ ಟ್ಯೂಬ್‌ಲೈಟೂ ನಮ್ಮ ಮುಖವೂ ಬಿದ್ದು ಮೀನೇ ಮರೆಯಾಗುತ್ತದೆ ಎಂದು ಹಾಸನದ ಛಾಯಾಗ್ರಾಹಕ ಗೆಳೆಯರು ಹೇಳುತ್ತಲೇ ಇದ್ದರು. ಮದುವೆಮನೆಗಳಲ್ಲಿ ಕೈ ಪಳಗಿದವರೇ ಹಾಗೆಂದಾಗ ನನಗೆ ಹಟ ಹುಟ್ಟಿತು. ಈ ಬೇಸಿಗೆ ರಜೆಯಲ್ಲಿ ಮನೆಮಂದಿಯೊಂದಿಗೆ ಬೆಂಗಳೂರಿನ ಕಬ್ಬನ್ ಉದ್ಯಾನದ ಮತ್ಸ್ಯಾಲಯಕ್ಕೆ ಹೋಗಿ, ಅನುಮತಿ ಕೇಳಿ ತೆಗೆದ ಅರವಾನ ಎಂಬ ಉದ್ದ ಮೈಯ ಅಲಂಕಾರಿಕ ಮೀನಿನ ಚಿತ್ರ ಈಗ ಆ ಗೆಳೆಯರೆಲ್ಲರ ಮೊಬೈಲ್‌ಗಳಲ್ಲಿದೆ.

ಹಿಂದಿನ ಪ್ರಯತ್ನಗಳು ಹಣ ತಿಂದವು. ಲೆನ್ಸಿನ ಮುಂದೆ ಹಾಕಿ ತಿರುಗಿಸಿ ಪ್ರತಿಬಿಂಬ ಕಳೆಯುವ ಫಿಲ್ಟರ್ ಆದ ಪೋಲರೈಸರ್‌ಗೆ ಸುಮಾರು 3,000 ರೂಪಾಯಿ ಸುರಿದೆ. ಗಾಜಿಗೆ ನೇರವಾಗಿ ನಿಂತಾಗ ಅದು ಪ್ರತಿಬಿಂಬವನ್ನು ಕಳೆಯುವುದೇ ಇಲ್ಲ. ಓರೆಯಾಗಿ ನಿಂತರೆ ಕಳೆಯುತ್ತದೆ, ಆದರೆ ಆಗ ದಪ್ಪ ಗಾಜು ಮೀನಿನ ಅಂಚನ್ನೆಲ್ಲ ಕದಡಿ ಬಣ್ಣದ ಗೆರೆ ಎಳೆಯುತ್ತದೆ. ಸಾಲದ್ದಕ್ಕೆ ಒಂದೂವರೆ ಸ್ಟಾಪ್, ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬೆಳಕನ್ನೂ ನುಂಗುತ್ತದೆ. ಫ್ಲ್ಯಾಷ್ ಮಾತು ಬೇಡ. ಮೀನು ಬೆದರುತ್ತದೆ, ನಾನು ಫ್ಲ್ಯಾಷನ್ನು ಬ್ಯಾಗಿನಲ್ಲಿ ಒಯ್ಯುವುದೂ ಇಲ್ಲ.

ಅದೇ ಪೋಲರೈಸರ್ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ದುಡಿಯಿತು. ಅಲ್ಲಿ ಕಾವೇರಿ ನದಿಯ ವಹ್ನಿ ಪುಷ್ಕರಿಣಿ ಎಂಬ ಭಾಗದಲ್ಲಿ ಮೀನು ಹಿಡಿಯುವಂತಿಲ್ಲ. ಭಕ್ತರು ಎರಚುವ ಪುರಿಗೆ ದೊಡ್ಡ ದೊಡ್ಡ ಮೀನುಗಳು ದಡಕ್ಕೇ ಬರುತ್ತವೆ. ಮೆಟ್ಟಿಲ ಮೇಲಿಂದ ನೀರನ್ನು ಓರೆಯಾಗಿ ನೋಡುತ್ತಾ ಫಿಲ್ಟರ್ ತಿರುಗಿಸಿದೆ. ನೀರಿನ ಮೇಲಿನ ಆಕಾಶ ಅಳಿಸಿಹೋಗಿ ಮೀನಿನ ಒಂದೊಂದು ಹುರುಪೆಯೂ ಕಂಡಿತು. ಆ ಸಂಜೆ ಮನೆಗೆ ಹೊರಡಲು ಮನಸ್ಸೇ ಬರಲಿಲ್ಲ.

ಗಾಜಿಗೆ ಮದ್ದು ರಬ್ಬರ್. ಲೆನ್ಸಿನ ಸುತ್ತ ಅಡ್ಡಬೆಳಕು ತಡೆಯುವ ಕೊಳವೆಯಾದ ಹುಡ್ ಅಂಗಡಿಯಲ್ಲಿ ಸಿಕ್ಕಿದ್ದು ಗಡುಸಾಗಿತ್ತು. ಹಳೆಯ ಸ್ಕೂಟರ್ ಟ್ಯೂಬನ್ನು ಕತ್ತರಿಸಿ ಲೆನ್ಸಿಗೆ ಸುತ್ತಿದೆ, ಪಂಕ್ಚರ್ ಅಂಗಡಿಯವರು ದುಡ್ಡು ಕೇಳಲಿಲ್ಲ. ಗಾಜಿನ ಬೆರಳಚ್ಚು ಒರೆಸಿ, ಟ್ಯೂಬಿನ ತುದಿಯನ್ನು ಮೆತ್ತಗೆ ಒತ್ತಿ ಹಿಡಿದರೆ ಹೊರಬೆಳಕು ನುಸುಳುವುದಿಲ್ಲ. ದೊಡ್ಡ ತೊಟ್ಟಿಗೆ ಹಿಂದೆ ಸರಿಯಲೇಬೇಕು. ಅಲ್ಲಿ ಗಾಜಿನ ಮೇಲೆ ಬೆಳಕು ಬೀಳದಂತೆ ಮಾವನವರ ಕರಿ ಕಂಬಳಿಯನ್ನು ನನ್ನ ಬೆನ್ನ ಹಿಂದೆ ಹೆಂಡತಿ ಒಂದು ಕಡೆ, ಮಗಳು ಇನ್ನೊಂದು ಕಡೆ ಹಿಡಿದು ನಿಂತರು. ಕುತೂಹಲದಿಂದ ಕೇಳಿದವರಿಗೆಲ್ಲ ಮಾವನವರೇ ವಿವರಿಸಿದರು.

ಕೊನೆಯ ತೊಡಕು ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು. ನಮ್ಮ ಕರೆಂಟಿನ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೀನಿನ ವೇಗಕ್ಕೆಂದು 1/500 ಸೆಕೆಂಡಿಗೆ ಏರಿಸಿದಾಗ ಚಿತ್ರದ ತುಂಬ ಪಟ್ಟೆಗಳು. ಒಂದು ಮಿನುಗು ಪೂರ್ತಿ ಸಿಗಲೆಂದು 1/100ಕ್ಕೆ ಇಳಿಸಿದೆ, ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯಾದ ಐಎಸ್‌ಒ 3200ರ ಆಸುಪಾಸು. ಈಜುವ ಮೀನು ಅಷ್ಟಕ್ಕೆ ನಿಲ್ಲುವುದಿಲ್ಲ, ನಿಜ. ಆದರೆ ತೊಟ್ಟಿಯ ಮೂಲೆಯಲ್ಲಿ ತಿರುಗುವಾಗ ಅದು ಕ್ಷಣಕಾಲ ತಡೆಯುತ್ತದೆ. ಮೀನಿನ ಬೆನ್ನು ಹತ್ತುವುದನ್ನು ಬಿಟ್ಟು ಮೂಲೆಗೆ ಫೋಕಸ್ ಕಟ್ಟಿ ಕಾದೆ. ಗಾಜು ತಟ್ಟದೆಯೇ ಮೀನನ್ನು ಆ ಮೂಲೆಗೆ ಕರೆಯುವ ಉಪಾಯವನ್ನು ಮಗಳು ಕಂಡುಹಿಡಿದಿದ್ದಾಳೆ; ಅದು ಅವಳ ಗುಟ್ಟು, ಹೇಳಲಾರೆ. ಗಾಜಿನ ಹಸಿರು ಛಾಯೆ ತೆಗೆಯುವ ನನ್ನ ಲೆಕ್ಕವೂ ಸದ್ಯಕ್ಕೆ ನನ್ನಲ್ಲೇ ಇರಲಿ.

12×18 ಇಂಚಿನ ಅಳತೆಯಲ್ಲಿ ಮುದ್ರಿಸಿದರೂ ಚಿತ್ರ ಒಡೆದಿಲ್ಲ. ಚೌಕಟ್ಟೂ ಸೇರಿ ಸುಮಾರು 900 ರೂಪಾಯಿ ಆಯಿತು. ಅನುಮಾನಿಸಿದವರಲ್ಲೇ ಇಬ್ಬರು ಈಗ ಟ್ಯೂಬಿನ ಹುಡ್ ಕೇಳಿದ್ದಾರೆ. ಲೆನ್ಸಿನ ಅಳತೆ ತಂದರೆ ಕತ್ತರಿಸಿಕೊಡುತ್ತೇನೆ.