ಮಾಸ್ಟರ್ಸ್ ಮೀಟ್‌ಗೆ ಹೆಸರು ಕೊಡೋ ಮುಂಚೆ ಮಾತ್ರೆ ಡಬ್ಬಿ ಚೆಕ್ ಮಾಡ್ಕೊಳ್ಳೋದು ಹೇಗೆ

ಮಾಸ್ಟರ್ಸ್ ಅಥ್ಲೆಟಿಕ್ಸ್ 35ಕ್ಕೆ ಶುರು, ಆಮೇಲೆ ಐದೈದು ವರ್ಷಕ್ಕೆ ಒಂದೊಂದು ಗುಂಪು. 62 ವರ್ಷದವರು 40ರವರ ಜೊತೆ ಓಡೋ ಹಾಗಾಗ್ಬಾರದು ಅಂತಾನೇ ಈ ವ್ಯವಸ್ಥೆ. ಅದೇ ಗುಂಪಲ್ಲಿ ಒಬ್ರು ಟೆಸ್ಟೋಸ್ಟೆರಾನ್ ಚುಚ್ಚಿಸ್ಕೊಂಡು ಬಂದು ನಿಂತ್ರೆ, ಸುಳ್ಳು ಬರ್ತ್ ಸರ್ಟಿಫಿಕೇಟ್ ತಂದು ಕೊಟ್ಟಿದ್ದಕ್ಕೂ ಅದಕ್ಕೂ ನನಗಂತೂ ಏನೂ ವ್ಯತ್ಯಾಸ ಕಾಣಲ್ಲ. ಬೆಳಗ್ಗೆ ಐದಕ್ಕೆದ್ದು ಮಂಡಿನೋವು ಸಹಿಸ್ಕೊಂಡು ಪ್ರಾಕ್ಟೀಸ್ ಮಾಡಿ ನಾಲ್ಕನೇ ಜಾಗಕ್ಕೆ ಬಂದೋರಿಗೆ ಆಗೋದು ಮೋಸಾನೇ.

ಆದ್ರೆ ನಮ್ಮ ವಯಸ್ಸಲ್ಲಿ ಮೋಸ ಮಾಡೋ ಮನಸ್ಸೇ ಇಲ್ದಿದ್ರೂ ಸಿಕ್ಕಿಹಾಕ್ಕೊಳ್ಳೋ ದಾರಿ ಬೇಕಾದಷ್ಟಿದೆ. ಮೊದಲನೇದು ಬಿಪಿ ಮಾತ್ರೆ.

ಸ್ಟ್ರಿಪ್ ತಗೊಂಡು ಹಿಂದೆ ತಿರುಗ್ಸಿ, ಕನ್ನಡಕ ಹಾಕ್ಕೊಂಡು ಸಣ್ಣಕ್ಷರ ಓದಿ. ಬರೀ ಟೆಲ್ಮಿಸಾರ್ಟನ್ ಅಂತಿದ್ರೆ ತೊಂದ್ರೆ ಇಲ್ಲ. ಬ್ರ್ಯಾಂಡ್ ಹೆಸರಿನ ಕೊನೆಗೆ ಒಂದು ‘ಎಚ್’ ಸೇರ್ಕೊಂಡಿದ್ರೆ ಸಾಮಾನ್ಯವಾಗಿ ಅದ್ರಲ್ಲಿ ಹೈಡ್ರೋಕ್ಲೋರೋಥಯಾಜೈಡ್ 12.5 ಮಿಲಿಗ್ರಾಂ ಇರತ್ತೆ, ಅದು ಮೂತ್ರ ಹೆಚ್ಚು ಮಾಡೋ ಔಷಧ, ಬೇರೆ ಡ್ರಗ್ಸ್ ತಗೊಂಡೋರು ಮೂತ್ರ ತೆಳು ಮಾಡಿ ಸುಳಿವು ಮುಚ್ಚೋಕೆ ಬಳಸ್ತಾರೆ ಅಂತ ವಾಡಾ (ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆ) ಇದನ್ನ ವರ್ಷಪೂರ್ತಿ ನಿಷೇಧ ಮಾಡಿದೆ. ಕ್ಲೋರ್ಥಾಲಿಡೋನ್, ಇಂಡಪಮೈಡ್, ಫ್ಯೂರೋಸೆಮೈಡ್, ಸ್ಪಿರೊನೋಲ್ಯಾಕ್ಟೋನ್ ಕೂಡ ಅದೇ ಸಾಲಿಗೆ. ಮೆಡಿಕಲ್ ಶಾಪಲ್ಲಿ ‘ಆ ಕಂಪನಿದು ಇಲ್ಲ ಸಾರ್, ಇದೂ ಅದೇ’ ಅಂತ ಬೇರೆ ಸ್ಟ್ರಿಪ್ ಕೊಟ್ರೆ ಅಲ್ಲೇ ನಿಂತು ಓದಿ.

ಹಾಗಂತ ಮೀಟ್ ಇದೆ ಅಂತ ಬಿಪಿ ಮಾತ್ರೆ ನೀವೇ ನಿಲ್ಲಿಸ್ಬೇಡಿ, ದಯವಿಟ್ಟು. ಡಾಕ್ಟ್ರ ಹತ್ರ ಹೋಗಿ, ನಾನು ಕಾಂಪಿಟಿಷನ್‌ಗೆ ಹೋಗ್ತೀನಿ, ಡೋಪಿಂಗ್ ಲಿಸ್ಟಲ್ಲಿ ಇಲ್ಲದ ಔಷಧಕ್ಕೆ ಬದಲಾಯಿಸೋಕಾಗತ್ತಾ ಅಂತ ಕೇಳಿ, ಎಷ್ಟೋ ಸಲ ಆಗತ್ತೆ.

ಶುಗರ್ ಇರೋರಿಗೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಓಕೆ, ಇನ್ಸುಲಿನ್‌ಗೆ ಮಾತ್ರ ಅನುಮತಿ ಬೇಕು. ಅಸ್ತಮಾಗೆ ಸಾಲ್ಬುಟಮಾಲ್ ಇನ್ಹೇಲರ್ 24 ಗಂಟೇಲಿ 1600 ಮೈಕ್ರೋಗ್ರಾಂ ಒಳಗೆ, ಯಾವುದೇ 8 ಗಂಟೇಲಿ 600 ದಾಟದ ಹಾಗೆ ಬಳಸ್ಬಹುದು, ಆದ್ರೆ ಅದೇ ಔಷಧ ಸಿರಪ್ ರೂಪದಲ್ಲಿ ಕುಡಿದ್ರೆ ನಿಷೇಧ. ನಮ್ಮಲ್ಲಿ ಕೆಮ್ಮಿಗೆ ಕೊಡೋ ಸಿರಪ್‌ಗಳಲ್ಲಿ ಇದೇ ಜಾತಿಯ ಟರ್ಬುಟಲಿನ್, ಲೆವೊಸಾಲ್ಬುಟಮಾಲ್ ಎಷ್ಟು ಕಾಮನ್ ಅಂತ ಬಾಟಲ್ ಲೇಬಲ್ ನೋಡಿದ್ರೆ ಗೊತ್ತಾಗತ್ತೆ. ಗ್ಲಾಕೋಮಾಗೆ ಹಾಕೋ ಡೋರ್ಜೋಲಮೈಡ್ ಡ್ರಾಪ್ಸ್‌ಗೆ ಅಡ್ಡಿ ಇಲ್ಲ. ಬಿಪಿ, ಹೃದಯಕ್ಕೆ ಕೊಡೋ ಅಟೆನೊಲಾಲ್, ಮೆಟೊಪ್ರೊಲಾಲ್ ಓಡೋರಿಗೆ ಪರವಾಗಿಲ್ಲ, ಶೂಟಿಂಗ್, ಆರ್ಚರಿಯವರಿಗೆ ನಿಷೇಧ, ಕೈ ನಡುಕ ಕಮ್ಮಿ ಮಾಡತ್ತಲ್ಲ.

ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸ್ಕೊಳ್ಳೋರೂ ಜಾಸ್ತಿ. 2022ರಿಂದ ಸ್ಪರ್ಧೆ ಸಮಯದಲ್ಲಿ ಎಲ್ಲಾ ಥರದ ಗ್ಲೂಕೋಕಾರ್ಟಿಕಾಯ್ಡ್ (ಊತ, ನೋವಿಗೆ ಕೊಡೋ ಈ ಸ್ಟೀರಾಯ್ಡ್) ಇಂಜೆಕ್ಷನ್ ನಿಷೇಧ. ಸ್ಪರ್ಧೆಗೆ ಮುಂಚೆ, ಕೀಲಿಗೆ ಹಾಕಿದ್ರೆ ಸಾಮಾನ್ಯವಾಗಿ 3 ದಿನ, ಟ್ರಯಾಮ್ಸಿನೊಲೋನ್ ಆದ್ರೆ 10 ದಿನ, ಅದನ್ನೇ ಸೊಂಟದ ಸ್ನಾಯುಗೆ ಹಾಕಿದ್ರೆ 60 ದಿನ ಗ್ಯಾಪ್ ಬೇಕು. ಅದಕ್ಕೇ ಇಂಜೆಕ್ಷನ್ ಹೆಸರು, ಎಲ್ಲಿಗೆ ಹಾಕಿದ್ರು, ತಾರೀಖು, ಮೂರೂ ಚೀಟಿ ಮೇಲೆ ಬರೆಸ್ಕೊಳ್ಳಿ. ಸ್ತನ ಕ್ಯಾನ್ಸರ್ ಆಗಿ ಟಮಾಕ್ಸಿಫೆನ್, ಲೆಟ್ರೊಜೋಲ್ ತಗೊಳ್ತಿರೋ ಅಮ್ಮಂದಿರೂ ಟ್ರ್ಯಾಕಲ್ಲಿದ್ದಾರೆ, ಆ ಮಾತ್ರೆಗಳೂ ಲಿಸ್ಟಲ್ಲಿವೆ. ಇಂಥವರು ಆಟ ಬಿಡ್ಬೇಕಿಲ್ಲ, ಟಿಯುಇ ಅಂತ ಚಿಕಿತ್ಸೆಗೆ ಕೊಡೋ ವಿನಾಯ್ತಿ ಇದೆ, ರಿಪೋರ್ಟು, ಡಾಕ್ಟ್ರ ಪತ್ರ ಎಲ್ಲಾ ಸೇರ್ಸಿ ಕೂಟಕ್ಕೆ ಕನಿಷ್ಠ 30 ದಿನ ಮುಂಚೆ ಅರ್ಜಿ ಹಾಕಿ. ದೇಶದೊಳಗೆ ಆದ್ರೆ ನಾಡಾಗೆ (ನಮ್ಮ ರಾಷ್ಟ್ರೀಯ ಡೋಪಿಂಗ್ ವಿರೋಧಿ ಸಂಸ್ಥೆ), ವರ್ಲ್ಡ್ ಮಾಸ್ಟರ್ಸ್‌ಗೆ ಹೋಗೋರು ಎಲ್ಲಿಗೆ ಕಳಿಸ್ಬೇಕು ಅಂತ ಸಂಘಟಕರನ್ನ ಮೊದಲೇ ಕೇಳ್ಕೊಳ್ಳಿ. ಸ್ಯಾಂಪಲ್ ಕೊಡುವಾಗ ಫಾರಂನಲ್ಲಿ ಹಿಂದಿನ 7 ದಿನದ ಔಷಧ ಬರೀತೀರಲ್ಲ, ಅದನ್ನ ಬರೆದ ಮಾತ್ರಕ್ಕೆ ವಿನಾಯ್ತಿ ಸಿಕ್ಕ ಹಾಗಲ್ಲ.

ಇನ್ನು ‘ಶಕ್ತಿ ಇಂಜೆಕ್ಷನ್’. ಸುಸ್ತು, ಮೂಳೆ ಸವೆತ ಅಂತ ಹೋದ್ರೆ ನ್ಯಾಂಡ್ರೊಲೋನ್ ಚುಚ್ಚೋರು ಈಗಲೂ ಇದ್ದಾರೆ, ಅದು ಅಪ್ಪಟ ಅನಾಬೊಲಿಕ್ ಸ್ಟೀರಾಯ್ಡ್, ಏನಿಂಜೆಕ್ಷನ್ ಅಂತ ಕೇಳ್ದೆ ಕೈ ಒಡ್ಡಬೇಡಿ. ವಯಸ್ಸಾಯ್ತು ಅಂತ ಟೆಸ್ಟೋಸ್ಟೆರಾನ್ ಇಳಿದಿದ್ರೆ ಅದೊಂದೇ ಕಾರಣಕ್ಕೆ ಟಿಯುಇ ಕೊಡಲ್ಲ, ಕೊಡದೇ ಇರೋದೇ ಸರಿ, ಯಾಕಂದ್ರೆ ಅದು ಪಕ್ಕದ ಲೇನಲ್ಲಿರೋರಿಗೂ ಇಳಿದಿರತ್ತೆ. ನಿಮಗೆ ಅನುಮಾನ ಬಂದ್ರೆ ಒಂದು ಪ್ರಶ್ನೆ ಕೇಳ್ಕೊಳ್ಳಿ: ನಾಳೆಯಿಂದ ಓಡೋದು ಬಿಟ್ರೂ ಈ ಔಷಧ ನನಗೆ ಬೇಕಾ? ಬೇಕು ಅಂದ್ರೆ ಮುಚ್ಚುಮರೆ ಇಲ್ದೆ ತಗೊಳ್ಳಿ, ಕಾಗದ ಪತ್ರ ಮಾಡಿಸಿ. ಬೇಡ ಅಂದ್ರೆ ಅದು ಮೆಡಲ್‌ಗೋಸ್ಕರ ತಗೊಳ್ತಿರೋದು.

ಪ್ರೋಟೀನ್ ಡಬ್ಬ, ಹೆಸರಿಲ್ಲದ ಪುಡಿ, ಲೇಹ್ಯ ಬಿಟ್ಬಿಡಿ. ಅಮೆರಿಕದಲ್ಲಿ 2018ರಲ್ಲಿ 90 ವರ್ಷದ ಸೈಕಲಿಸ್ಟ್ ಒಬ್ರ ಸ್ಯಾಂಪಲ್‌ನಲ್ಲಿ ಟ್ರೆನ್‌ಬೊಲೋನ್ ಅನ್ನೋ ಅನಾಬೊಲಿಕ್ ಸ್ಟೀರಾಯ್ಡ್‌ನ ಅಂಶ ಸಿಕ್ತು, ತಿಂದ ಮಾಂಸದಿಂದ ಬಂದಿರೋ ಸಾಧ್ಯತೆನೇ ಹೆಚ್ಚು ಅಂತ ಅಲ್ಲಿನ ಡೋಪಿಂಗ್ ವಿರೋಧಿ ಸಂಸ್ಥೆ ಬರೀ ಎಚ್ಚರಿಕೆ ಕೊಟ್ಟು ಬಿಡ್ತು, ಆದ್ರೂ ಆ ದಿನದ ರೆಕಾರ್ಡ್ ಹೋಯ್ತು. ಅವರು ತಗೊಳ್ತಿದ್ದ ಸಪ್ಲಿಮೆಂಟ್ ಟೆಸ್ಟ್ ಮಾಡಿದ್ರೆ ಅದ್ರಲ್ಲೂ ಲೇಬಲ್ ಮೇಲಿಲ್ಲದ ಕ್ಲೊಮಿಫೀನ್ ಅನ್ನೋ ನಿಷೇಧಿತ ಔಷಧ ಇತ್ತು.

ನಾಡಾದವರ ‘ನೋ ಯುವರ್ ಮೆಡಿಸಿನ್’ ಆ್ಯಪ್ ಇದೆ, ಔಷಧದ ಹೆಸರು ಹಾಕಿದ್ರೆ ನಿಷೇಧ ಇದೆಯಾ ಇಲ್ವಾ ಹೇಳತ್ತೆ, ಫೋನ್ ಗೊತ್ತಾಗ್ದೇ ಇದ್ರೆ ಮೊಮ್ಮಕ್ಕಳ ಕೈಲಿ ಹಾಕಿಸಿ ನೋಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ವಾಡಾ ಲಿಸ್ಟ್ ಪ್ರತಿ ಜನವರಿ 1ಕ್ಕೆ ಹೊಸದು ಬರತ್ತೆ, ಹೋದ ವರ್ಷ ಓಕೆ ಇದ್ದಿದ್ದನ್ನೂ ಆವಾಗ ಇನ್ನೊಂದ್ಸಲ ಚೆಕ್ ಮಾಡಿ.