ಸ್ಲ್ಯಾಶರ್ ಅಡಿಗೆ ಕೈ ಹಾಕುವ ಮುನ್ನ

ನಮ್ಮ ತೆಂಗಿನ ತೋಟದಲ್ಲಿ ಹುಲ್ಲು ಹೊಡೆಯೋದು ಟ್ರ್ಯಾಕ್ಟರ್ ಹಿಂದಿನ ಸ್ಲ್ಯಾಶರ್. ಒಂದು ಸಂಜೆ ಅದನ್ನು ಲಿಫ್ಟ್‌ನಲ್ಲಿ ಎತ್ತಿ ಹಾಗೇ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ನೆಲಕ್ಕೆ ಕೂತಿತ್ತು! ಲಿವರ್ ಯಾರೂ ಮುಟ್ಟಿರಲಿಲ್ಲ. ಹೈಡ್ರಾಲಿಕ್ ಎಣ್ಣೆ ಒಳಗೊಳಗೇ ಸೋರಿತ್ತು, ಅಷ್ಟೇ. ಲಿಫ್ಟ್ ಇರೋದು ಎತ್ತೋಕೆ, ಹಿಡಿದು ನಿಲ್ಲಿಸೋಕೆ ಅಲ್ಲ.

ಹಾಗಾಗಿ ಅದರ ಅಡಿಗೆ ಕೈ ಹಾಕೋ ಮುನ್ನ ಮೊದಲು ಗಟ್ಟಿಯಾದ ಸಮ ನೆಲ ಬೇಕು. ನಮಗೆ ಸಿಮೆಂಟ್ ಕಣ ಇದೆ. ಸ್ಲ್ಯಾಶರ್ ಎತ್ತಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ನಿಲ್ಲಿಸಿ. ಕೀ ನಿಮ್ಮ ಜೇಬಲ್ಲೇ ಇರಲಿ. ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಬ್ಲೇಡ್ ಪೂರ್ತಿ ನಿಂತ ಮೇಲೆ ಪಿಟಿಒ ಶಾಫ್ಟ್ (ಟ್ರ್ಯಾಕ್ಟರ್ ಇಂಜಿನ್ ಬಲದಿಂದ ಸ್ಲ್ಯಾಶರ್ ತಿರುಗಿಸುವ ದಂಡ) ಕಳಚಿ.

ಈಗ ನಾಲ್ಕು ಮೂಲೆಗೂ ಭಾರ ತಡೆಯುವ ಆಕ್ಸಲ್ ಸ್ಟ್ಯಾಂಡ್. ದಪ್ಪ ಫ್ರೇಮಿನ ಕೆಳಗೇ ಇಡಿ, ತೆಳು ತಗಡಿಗೆ ಬೇಡ. ಇಟ್ಟಿಗೆ, ಹಾಲೋ ಬ್ಲಾಕ್ ಅಂತೂ ಬೇಡವೇ ಬೇಡ, ಸುಳಿವೇ ಕೊಡದೆ ಪಟ್ಟಂತ ಒಡೆಯುತ್ತವೆ. ಆಮೇಲೆ ದೂರ ನಿಂತು ಲಿವರ್ ನಿಧಾನಕ್ಕೆ ಇಳಿಸಿ, ಭಾರವೆಲ್ಲ ಸ್ಟ್ಯಾಂಡ್ ಮೇಲೆ ಕೂರಲಿ. ಪಕ್ಕದಿಂದ ತಳ್ಳಿ ನೋಡಿ. ಅಲುಗಿದರೆ ಮತ್ತೆ ಎತ್ತಿ, ಸರಿಯಾಗಿ ಕೂರಿಸಿ.

ಬ್ಲೇಡ್ ತಿರುಗದಂತೆ ಮರದ ತುಂಡು ಅಡ್ಡ ಕೊಟ್ಟು, ಗ್ಲೌಸ್ ಹಾಕಿಕೊಂಡು ಕೈ ಹಾಕಿ. ಬ್ಲೇಡಿನ ಶಾಫ್ಟಿಗೆ ಸುತ್ತಿದ ತೆಂಗಿನ ನಾರು ಬಿಡಿಸೋದೇ ಜಾಸ್ತಿ ಹೊತ್ತು ಹಿಡಿಯುತ್ತದೆ. ನಾನು ಹಳೇ ಕುಡುಗೋಲಿನ ತುದಿಯಿಂದ ಕೀಳುತ್ತೇನೆ.