ತಾತ ಯಾವ ಕೆಲಸಕ್ಕೆ ರಾಜೀನಾಮೆ ಕೊಟ್ಟರು?

ಬೇಲೂರಿನ ಹತ್ತಿರ ನಮಗೆ ಸ್ವಲ್ಪ ಕಾಫಿ ತೋಟ ಇದೆ. ಅಪ್ಪ ಹೋದ ಮೇಲೆ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಅದರೊಳಗೆ ತಾತನ ಹೆಸರಿನ ಒಂದು ರಾಜೀನಾಮೆ! ಜೀವಮಾನದಲ್ಲಿ ನೌಕರಿ ಮಾಡಿದವರೇ ಅಲ್ಲ ಅವರು. ಮನೆಯಲ್ಲಿ ಎರಡು ದಿನ ಅದೇ ನಗೆ.

ಹಾಸನದಲ್ಲಿ ಹಳೇ ಪತ್ರಬರಹಗಾರರೊಬ್ಬರು ಬಿಡಿಸಿ ಹೇಳಿದರು. ರಾಜಿ ಅಂದರೆ ಒಪ್ಪಿಗೆ, ನಾಮೆ ಅಂದರೆ ಬರಹ. ಹಿಂದೆ ಜಮೀನು ಬಿಟ್ಟುಕೊಡುವವನು ಸರ್ಕಾರಕ್ಕೆ ರಾಜೀನಾಮೆ ಬರೆದುಕೊಡುತ್ತಿದ್ದ. ತೆಗೆದುಕೊಳ್ಳುವವನು ಒಪ್ಪಿ ಬರೆದುಕೊಡುತ್ತಿದ್ದದ್ದು ಕಬೂಲಾಯತಿ. ತಾತ ಬಿಟ್ಟದ್ದು ಕೆಲಸವನ್ನಲ್ಲ, ಹಳ್ಳದ ಆಚೆಯ ಹೊಲವನ್ನು.

ಅವರು ಕಲಿಸಿದ ಉಪಾಯ ಇಷ್ಟೇ: ಪದದ ಬಾಲ ಮೊದಲು ನೋಡಿ. ‘ನಾಮೆ’ ಇದ್ದರೆ ಅದೊಂದು ಕಾಗದ: ಪಂಚನಾಮೆ, ವಕಾಲತ್ತುನಾಮೆ. ‘ದಾರ’ ಇದ್ದರೆ ಅದನ್ನು ಹಿಡಿದಿರುವ ಮನುಷ್ಯ: ವಾರಸುದಾರ, ಹಕ್ಕುದಾರ. ತಹಸೀಲು ಅಂದರೆ ವಸೂಲಿ, ಅದನ್ನು ಮಾಡುವವನು ತಹಸೀಲ್ದಾರ. ಬಾಲಗಳು ಪಾರಸಿ, ತಲೆ ಮಾತ್ರ ಹೆಚ್ಚಾಗಿ ಅರಬ್ಬಿ. ಪಂಚನಾಮೆಯ ‘ಪಂಚ’ ನಮ್ಮ ಕಡೆಯದೇ.

ಅಳತೆಯ ಪದಗಳ ದಾರಿ ಬೇರೆ. ಪಹಣಿ (ಜಮೀನಿನ ವಿವರ ಇರುವ ಸರ್ಕಾರಿ ದಾಖಲೆ), ಪೋಡಿ, ಮೋಜಣಿ (ಅಳೆಯುವುದು) ಮರಾಠಿಯಿಂದ ಬಂದವು. 1860ರ ದಶಕದಲ್ಲಿ ಮೈಸೂರು ಸೀಮೆಗೆ ಮುಂಬಯಿ ಮಾದರಿಯ ಸರ್ವೆ ಬಂತಲ್ಲ, ಅದೂ ಒಂದು ಕಾರಣ. ಪೋಡಿ ಅಂದರೆ ಒಡೆಯುವುದು. ಒಂದೇ ಸರ್ವೆ ನಂಬರನ್ನು ಅಳೆದು ಪಾಲು ಮಾಡಿದರೆ ಹಿಸ್ಸಾ ನಂಬರ್ ಬೀಳುತ್ತದೆ.

ದೀರ್ಘದ ಮೇಲೂ ಕಣ್ಣಿಡಿ. ಜಮೀನು ಅಂದರೆ ನೆಲ, ಪಾರಸಿ. ಜಾಮೀನು ಅಂದರೆ ಹೊಣೆ, ಅರಬ್ಬಿ. ಒಂದು ‘ಜಾ’ ಹೆಚ್ಚುಕಮ್ಮಿ ಆದರೆ ಅರ್ಜಿಯೇ ತಮಾಷೆ.

ಆದರೆ ಪದದ ಮೂಲ ಗೊತ್ತಾದರೆ ಸಾಕು ಅಂದುಕೊಂಡು ನಾನು ಕೆಟ್ಟೆ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಫೂಟ್ ಖರಾಬು’ ಅಂತ ಎರಡು ಸಾಲು ಇರುತ್ತವೆ, ಅ ಮತ್ತು ಬ. ಖರಾಬು ಅಂದರೆ ಕೆಟ್ಟದ್ದು, ಸರಿ. ಬೆಳೆ ಬಾರದ ನೆಲ ಇರಬೇಕು, ಗೊಬ್ಬರ ಹಾಕಿದರಾಯಿತು ಅಂತ 6 ಗುಂಟೆಗೆ ಬೇಲಿ ಹಾಕಿಬಿಟ್ಟೆ. ಬಂಡೆಗಿಂಡೆ ಇದ್ದು ಸಾಗುವಳಿಗೆ ಬಾರದ್ದು ಅ ಖರಾಬು. ನನ್ನದು ಬ. ಅಂದರೆ ದಾರಿ, ಹಳ್ಳ, ಕೆರೆ ಥರದ ಸಾರ್ವಜನಿಕ ಜಾಗ! ಊರವರು ಓಡಾಡುವ ಬಂಡಿದಾರಿ ಅದು. ಬೇಲಿ ಕಿತ್ತೆ, ಬೈಗುಳ ತಿಂದೆ. ಹಾಗಾಗಿ ಖರಾಬು ಕಳೆದು ಉಳಿಯುವ ವಿಸ್ತೀರ್ಣ ಎಷ್ಟು ಅಂತ ನೋಡಿಯೇ ಮುಂದಿನ ಮಾತು.

ಬಗರ್ ಹುಕುಂ ಅಷ್ಟು ಮೋಸ ಮಾಡುವುದಿಲ್ಲ. ಬಗರ್ ಅಂದರೆ ಇಲ್ಲದೆ, ಹುಕುಂ ಅಂದರೆ ಅಪ್ಪಣೆ. ಅಪ್ಪಣೆ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವುದು. ಅದನ್ನು ಸಕ್ರಮ ಮಾಡಿ ಅಂತಲೇ ಜನ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದ್ದು. ದರಖಾಸ್ತು ಮಾತ್ರ ಅರ್ಥ ಬದಲಿಸಿಕೊಂಡಿದೆ. ಮೂಲದಲ್ಲಿ ಬರೀ ಕೋರಿಕೆ. ನಮ್ಮಲ್ಲಿ ‘ಅದು ದರಖಾಸ್ತು ಜಮೀನು’ ಅಂದರೆ ಸರ್ಕಾರ ಮಂಜೂರು ಮಾಡಿದ್ದು. ಕೊಳ್ಳುವ ಮುಂಚೆ ಮಂಜೂರಾತಿ ಪತ್ರ ತರಿಸಿ, ಮಾರಬಾರದು ಅಂತ ಷರತ್ತು ಇದೆಯಾ ನೋಡಿ.

ಹೇಳೋದು ಮರೆತೆ, ತಾತನ ರಾಜೀನಾಮೆಯ ಜೋಡಿ ಸಿಕ್ಕಿತು. ಪಕ್ಕದ ತೋಟದವರ ಪೆಟ್ಟಿಗೆಯಲ್ಲಿತ್ತು. ತಮ್ಮ ತಾತ ಅದೇನನ್ನು ಕಬೂಲು ಮಾಡಿಕೊಂಡಿದ್ದರೋ ಅಂತ ಅವರೂ ಹೆದರಿಕೊಂಡು ಯಾರಿಗೂ ತೋರಿಸದೆ ಇಟ್ಟಿದ್ದರಂತೆ.